ಗೆರೆ ಮುಟ್ಟದ ಗೆಂಡೆಗಳು

ಮೀನು ಉಜ್ಜಲು ಒಲೆಯ ಬೂದಿಯೇ ಆಗಬೇಕು. ಬೂದಿ ಹಚ್ಚಿಕೊಂಡರೆ ಮೀನು ಕೈಯಿಂದ ಜಾರುವುದಿಲ್ಲ, ಒರಟು ಕಲ್ಲಿನ ಮೇಲೆ ತಿಕ್ಕಿದರೆ ಹುರುಪೆಯೆಲ್ಲ ಎದ್ದು ಬರುತ್ತದೆ. ಆಮೇಲೆ ಈಳಿಗೆಮಣೆಗೆ ಹೊಟ್ಟೆ ಕೊಟ್ಟು ಸೀಳಿ, ಹೆಬ್ಬೆರಳು ಹಾಕಿ ಒಳಗಿನದನ್ನು ಎಳೆದು ತೆಗೆಯಬೇಕು. ಮದುವೆಯಾಗಿ ಹೋದ ದಿನದಿಂದ ನಾನು ಮಾಡಿದ ಕೆಲಸ ಅದು. ಹಾಗಾಗಿ ನಮ್ಮ ಕೆರೆಯ ಗೆಂಡೆ ಮೀನುಗಳ ಹೊಟ್ಟೆಯೊಳಗೆ ಆಗುತ್ತಿದ್ದುದು ಬಲೆ ಬೀಸುವ ಗಂಡಸರಿಗಿಂತ ಮೊದಲು ಹೆಂಗಸರಾದ ನಮ್ಮ ಹೆಬ್ಬೆರಳಿಗೆ ತಿಳಿಯುತ್ತಿತ್ತು.

ಗಂಡನ ಊರು ಹಂಗಳದಿಂದ ಕಾಡಿನ ಕಡೆಗೆ ಒಳಗಿತ್ತು. ನಾನು ಕುದೇರಿನ ಕಡೆಯವಳು. ತಾಯಿಯ ತಮ್ಮನಿಗೇ ನನ್ನನ್ನು ಕೊಟ್ಟಿದ್ದರು, ಆದ್ದರಿಂದ ಗಂಡನನ್ನು ಕೊನೆಯವರೆಗೂ ಮಾವ ಎಂದೇ ಕರೆದೆ. ಅಜ್ಜಿಯೇ ನನಗೆ ಅತ್ತೆಯಾದಳು. ಆ ಊರಲ್ಲಿ ಕೆರೆಯನ್ನು ನಂಬಿಕೊಂಡವು ಏಳು ಮನೆಗಳು. ಗಂಡಸರು ಮೀನು ಹಿಡಿಯುತ್ತಿದ್ದರು, ಹೆಂಗಸರು ಮಂಕರಿ ಹೊತ್ತು ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗಿ ಮಾರುತ್ತಿದ್ದೆವು. ಕಂಡಕ್ಟರು ಮೂಗು ಮುಚ್ಚಿಕೊಂಡೇ ಟಿಕೇಟು ಹರಿಯುತ್ತಿದ್ದ. ಬೇಸಿಗೆಯಲ್ಲೂ ಕೆರೆಯ ನಡುವಿನ ಮಡು ಒಣಗುತ್ತಿರಲಿಲ್ಲ. ಆನೆಗಳು ಬಂದು ಕಲಕಿ ಹೋದ ದಿನ ಮಾತ್ರ ಬಲೆ ಬೀಸುತ್ತಿರಲಿಲ್ಲ.

ಆ ಏಳು ಮನೆಗಳಿಗೆ ಒಂದು ಕಟ್ಟಳೆ ಇತ್ತು. ಕೆರೆ ಏರಿಯ ಮೇಲೆ ಬೇವಿನ ಮರದ ಬುಡದಲ್ಲಿ ಗಂಗಮ್ಮನ ಹೆಸರಿನ ಚಪ್ಪಟೆ ಕಲ್ಲು. ಅದರ ಅಂಚಿನಿಂದ ಒಂದೂವರೆ ಗೇಣಿಗೆ ಯಾವ ಕಾಲದಲ್ಲೋ ಉಳಿಯಿಂದ ಕೊರೆದ ಗೆರೆ. ಪ್ರತಿ ವರ್ಷ ಮಳೆಯ ಹೊಸ ನೀರು ಬಂದ ಮೇಲೆ, ತಲೆ ಅಂಚಿಗಿಟ್ಟರೆ ಬಾಲ ಆ ಗೆರೆ ಮುಟ್ಟುವಂಥ ಗೆಂಡೆಯೊಂದನ್ನು ಕಲ್ಲಿನ ಮೇಲೆ ಮಲಗಿಸಿ ಅರಿಶಿನ ಕುಂಕುಮ ಇಡಬೇಕು. ಅಲ್ಲಿಯವರೆಗೆ ಯಾರ ಮನೆಯ ಮಂಕರಿಯೂ ಪೇಟೆಗೆ ಹೋಗುವಂತಿಲ್ಲ. ಹಿಡಿದದ್ದನ್ನು ತಿನ್ನಬಹುದು, ಮಾರುವ ಹಾಗಿಲ್ಲ. ಕಲ್ಲಿನ ಯಜಮಾನಿಕೆ ನಮ್ಮಜ್ಜಿಯದು.

ನಾನು ಹೋದ ಹೊಸದರಲ್ಲಿ ಅದೊಂದು ಲೆಕ್ಕವೇ ಆಗಿರಲಿಲ್ಲ. ಮೊದಲ ಬಲೆಗೇ ಗೆರೆ ದಾಟಿದ ಮೀನು ಬರುತ್ತಿತ್ತು, ಸಂಜೆಯೊಳಗೆ ಪೂಜೆ ಮುಗಿಯುತ್ತಿತ್ತು. ಆಗ ಬಲೆಯ ಕಣ್ಣಿಗೆ ಮೂರು ಬೆರಳು ಹೋಗುತ್ತಿದ್ದವು. ಅಪ್ಪಿತಪ್ಪಿ ಚಿಕ್ಕದು ಸಿಕ್ಕರೆ ವಾಪಸು ನೀರಿಗೆ ಬಿಡುವುದೂ ನಮ್ಮವರ ಪದ್ಧತಿ. ಚಿಕ್ಕದು ಬೆಳೆಯಲಿ, ದೊಡ್ಡದನ್ನು ಹಿಡಿಯೋಣ ಎಂಬ ನ್ಯಾಯ. ಆ ನ್ಯಾಯದಲ್ಲಿ ತಪ್ಪಿದೆಯೆಂದು ಯಾರಿಗೂ ಅನಿಸಲಿಲ್ಲ, ನನಗೂ ಅನಿಸಲಿಲ್ಲ. ಬರಬರುತ್ತಾ ದೊಡ್ಡವು ಕಡಿಮೆಯಾದವು. ನೈಲಾನ್ ಬಲೆ ಬಂತು, ಅದರ ಕಣ್ಣು ಎರಡು ಬೆರಳಿಗಿಳಿಯಿತು, ಕಡೆಗೆ ಒಂದಕ್ಕೆ.

ನಾನು ಈಳಿಗೆಮಣೆಯ ಮುಂದೆ ಕಂಡದ್ದು ಇದು. ಮೊದಲೆಲ್ಲ ಗೇಣುದ್ದ ದಾಟಿದ ಗೆಂಡೆಯಲ್ಲಿ ಮಾತ್ರ ಮೊಟ್ಟೆ ಇರುತ್ತಿತ್ತು. ಕೆಲವು ವರ್ಷ ಕಳೆದ ಮೇಲೆ ಗೇಣುದ್ದದವುಗಳಲ್ಲೂ ಬಂತು. ಆಮೇಲೆ ಅಂಗೈಯಗಲದವು, ಮರಿಯೆಂದು ನಾವು ಕನಿಕರಪಡುತ್ತಿದ್ದವು, ಅವುಗಳ ಹೊಟ್ಟೆಯಲ್ಲೂ ರಾಗಿ ಕಾಳಿನಂಥ ಮೊಟ್ಟೆ. ದೊಡ್ಡದಾಗಿ ಬೆಳೆಯುವ ಜಾತಿಯನ್ನೆಲ್ಲ ಬಲೆಯೇ ಆರಿಸಿ ತೆಗೆದಿತ್ತು. ಬೆಳೆಯುವ ಮೊದಲೇ ಬಸಿರಾಗುವವು ಉಳಿದುಕೊಂಡು, ತಮ್ಮಂಥವನ್ನೇ ಹೆತ್ತು ಕೆರೆ ತುಂಬಿಸಿದ್ದವು. ಬಸಿರಿಗೆ ಹೋದ ಕಸುವು ಮೈಗೆಲ್ಲಿ ಹತ್ತುತ್ತದೆ? ಇದನ್ನು ಈಗ ಇಷ್ಟು ಸಲೀಸಾಗಿ ಬರೆಯುತ್ತೇನೆ. ಆಗ ಬರೀ ಒಂದು ಭಯವಿತ್ತು.

ಚಾಮರಾಜನಗರ ಬೇರೆ ಜಿಲ್ಲೆಯಾದ ವರ್ಷ ಇರಬೇಕು. ಚಿತ್ತೆ ಮಳೆಗೆ ಕೆರೆ ತುಂಬಿತು. ಗಂಡಸರು ಬಲೆ ಬೀಸಿದರು. ಅಂಗೈಯಗಲ, ಅಂಗೈಯಗಲ, ಮತ್ತೆ ಅಂಗೈಯಗಲ. ಗೆರೆಯ ಅರ್ಧಕ್ಕೂ ಒಂದೂ ಬರಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರ ಹಿಡಿಯಿತು. ಮನೆಯಲ್ಲಿ ಅಕ್ಕಿ ಮುಗಿದು ರಾಗಿಯೂ ತಳ ಕಂಡಿತು. ದಿನವೂ ಮುಳ್ಳೇ ಹೆಚ್ಚಿದ್ದ ಸಾರು. ಮಕ್ಕಳು ಮುದ್ದೆ ಕೇಳಿದರೆ ಮೀನು ಕೊಡುತ್ತಿದ್ದೆ, ಮೀನು ಬೇಡವೆಂದು ಅಳುತ್ತಿದ್ದವು. ಹೊರಗೆ ಕೂಲಿಗೆ ಹೋಗೋಣವೆಂದರೆ ಮಳೆ ಹಿಡಿದು ಹೊಲದ ಕೆಲಸವೂ ನಿಂತಿತ್ತು.

ಒಂದು ಮಧ್ಯಾಹ್ನ ಏಳು ಮನೆಯವರೂ ಬೇವಿನ ಮರದ ಕೆಳಗೆ ಸೇರಿದೆವು. ಪಕ್ಕದ ಮನೆಯವನಿಗೆ ಎಂಥ ಹೊತ್ತಿನಲ್ಲೂ ತಮಾಷೆ ಬೇಕು. ಅವನು ಮಾವನ ಭುಜ ತಟ್ಟಿದ.

"ಗುಂಡ್ಲುಪೇಟೆಗೆ ಕೇರಳದ ಲಾರಿ ಬತ್ತದೆ ಕಣ್ಲಾ. ಐಸಲ್ಲಿ ಮಲಗಿರೋ ಸಮುದ್ರದ ಮೀನು ಒಂದ ತಂದು ಮಡಗ್ಬುಡನ. ಉಪ್ಪು ಮೊದ್ಲೇ ಇರ್ತದೆ, ಗಂಗಮ್ಮಂಗೂ ರುಚಿಯಾಯ್ತದೆ."

"ನಿನ್ ಬಾಯಿಗೆ ಬೂದಿ ಉಯ್ಯ!" ಎಂದಳು ಅಜ್ಜಿ. "ನಮ್ಮ ಕೆರೆ ತಾಯ್ಗೆ ಯಾರ್ದೋ ಸಮುದ್ರದ ಹೆಣ ತಂದಿಕ್ತೀಯೇನ್ಲಾ? ನಿಮ್ಮಪ್ಪ ಇದ್ದಿದ್ರೆ ಇದೇ ಏರಿ ಮ್ಯಾಲಿಂದ ತಳ್ಬುಡೋನು."

"ತಳ್ಳಿದ್ರೆ ಒಳ್ಳೇದೇ ಆಗೋದು ಕಣಜ್ಜಿ. ನಾನಾದ್ರೂ ಗೆರೆ ಮುಟ್ತಿದ್ದೆ."

ನಾಲ್ಕು ಜನ ನಕ್ಕರು. ಅಜ್ಜಿ ನಗಲಿಲ್ಲ. ಇನ್ನೂ ಕಾಯಬೇಕು ಎಂದಷ್ಟೇ ಹೇಳಿ ಎದ್ದಳು.

ಮನೆಗೆ ಬಂದು ನಾನು ಮಾವನಿಗೆ ಸೀಳಿದ ಮೀನು ತೋರಿಸಿದೆ.

"ನೋಡು ಮಾವ, ಇದು ಮರಿ ಅಲ್ಲ. ಇದ್ರ ಒಟ್ಟೇಲೂ ಮೊಟ್ಟೆ."

"ಈ ಸಲ ಸಣ್ಣವನ್ನ ಬುಟ್ಬುಟ್ರೆ ಮುಂದಿನ ವರ್ಷ ಬೆಳೀತವೆ, ಸುಮ್ನಿರು ಅಮ್ಮಿ."

"ಎಲ್ ಬೆಳೀತವೆ? ಇವು ಬೆಳ್ದಾಯ್ತು. ಇವಾಗ್ಲೇ ಅವ್ವಂದಿರು."

ಅವನು ಮೀನನ್ನು ಬೆಳಕಿಗೆ ಹಿಡಿದು ನೋಡಿದ, ಕೆಳಗಿಟ್ಟ, ಬಲೆ ಹೆಗಲಿಗೆ ಹಾಕಿಕೊಂಡು ಮತ್ತೆ ಹೊರಟ.

ಎರಡು ದಿನದ ಮೇಲೆ ಬೆಳಗ್ಗೆ ಏರಿಯ ಕಡೆಯಿಂದ ಕೂಗು ಕೇಳಿತು. ಓಡಿದೆ. ಮಡುವಿನ ತಳದಿಂದ ಮಾವನ ಬಲೆಗೆ ಒಂದು ಗೆಂಡೆ ಬಿದ್ದಿತ್ತು. ಅಷ್ಟು ದೊಡ್ಡದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಕಂಚಿನ ಬಣ್ಣದ ಹುರುಪೆ, ಒಂದೊಂದೂ ನನ್ನ ಹೆಬ್ಬೆರಳಿನ ಉಗುರಿನಷ್ಟು. ಪೂಜೆಗೆ ಜೀವಂತವೇ ಇರಬೇಕೆಂದು ಹಂಡೆಯ ನೀರಿನಲ್ಲಿ ಬಿಟ್ಟಿದ್ದರು. ಅಜ್ಜಿ ಅರಿಶಿನ ಕುಂಕುಮ ತರಲು ಮನೆಗೆ ಹೋಗಿದ್ದಳು. ನಾನು ನೀರೊಳಗೆ ಕೈಯಿಟ್ಟು ಅದರ ಹೊಟ್ಟೆ ಮುಟ್ಟಿದೆ. ತುಂಬಿ ಬಿಗಿದಿತ್ತು.

"ಮಾವ, ಇದನ್ನ ಬುಟ್ಬುಡು," ಎಂದೆ.

"ಏನಂದೆ?"

"ಬೆಳೆಯೋ ಜಾತಿ ಅಂತ ಕೆರೇಲಿ ಉಳ್ದಿರೋದು ಇದೊಂದೇ ಇರ್ಬೇಕು. ಒಟ್ಟೆ ತುಂಬ ಮೊಟ್ಟೆ ಅದೆ. ಇದನ್ನೂ ಕುಯ್ದ್ಬುಟ್ರೆ ಇನ್ನು ಅಂಗೈಯಗಲದವೇ ಕಣ್ ಮಾವ, ನಮ್ ಮಕ್ಕಳ ಕಾಲಕ್ಕೂ."

ಸುತ್ತ ನಿಂತವರೆಲ್ಲ ನನ್ನನ್ನೇ ನೋಡಿದರು. ಪಕ್ಕದ ಮನೆಯವನ ಹೆಂಡತಿ ಕಂಕುಳಲ್ಲಿ ಮಗು ಎತ್ತಿಕೊಂಡಿದ್ದಳು. ಅವಳು ಯಾವಾಗಲೂ ನನ್ನ ಜೊತೆಗೇ ಮಂಕರಿ ಹೊತ್ತು ಬರುವವಳು. "ಅಕ್ಕಯ್ಯ, ನಿನ್ನೆಯಿಂದ ನಮ್ಮನೇಲಿ ಮುದ್ದೆ ಇಲ್ಲ, ಬರೀ ಮೀನ್ನ ಮಗ ತಿಂತಿಲ್ಲ," ಎಂದಳು. ಜಗಳದ ದನಿಯಲ್ಲ. ಬೇಡುವ ದನಿ.

ಮಾವ ಹಂಡೆಯ ಕಂಠ ಹಿಡಿದು ಬಗ್ಗಿದ. ಕೆರೆಗೆ ಸುರಿದುಬಿಡುತ್ತಾನೆಂದೇ ಒಂದು ಗಳಿಗೆ ಅಂದುಕೊಂಡೆ. ಅಷ್ಟರಲ್ಲಿ ಅಜ್ಜಿ ಬಂದಳು. ಯಾರೋ ವಿಷಯ ಹೇಳಿದರು. ಅವಳು ನನ್ನ ಗಲ್ಲ ಹಿಡಿದೆತ್ತಿದಳು.

"ನಿಂಗೆ ಒಟ್ಟೆ ಅಸೀತಿಲ್ವೇನಮ್ಮಿ?"

"ಅಸೀತದೆ ಅಜ್ಜಿ."

"ಅಂಗಾರೆ ನೀನೇ ಯೋಳು. ಬುಡನ ಅಂತ ನೀನು ಅಂದ್ರೆ ಬುಡ್ತೀನಿ. ಇನ್ನೊಂದು ಗೆರೆ ಮುಟ್ಟೋದು ಸಿಗೋಗಂಟ ಈ ಏಳ್ ಮನೇಗೆ ಏನಿಕ್ಕನ ಅಂತ್ಲೂ ನೀನೇ ಯೋಳು."

ಗೆರೆಯನ್ನೇ ಬಿಟ್ಟುಬಿಡೋಣ ಅಜ್ಜಿ, ಎನ್ನಬೇಕೆಂದುಕೊಂಡೆ. ಆದರೆ ಆ ಕಲ್ಲಿನ ಮುಂದೆ ಅವಳ ಅತ್ತೆ, ಅವಳ ಅತ್ತೆಯ ಅತ್ತೆ ಎಲ್ಲರೂ ಕೂತವರು. ನಾನು ಮಗುವಿನ ಕಡೆ ನೋಡಿದೆ. ಹಂಡೆಯಿಂದ ಹಿಂದೆ ಸರಿದು ದಾರಿ ಬಿಟ್ಟೆ.

ಗೆಂಡೆಯನ್ನು ಕಲ್ಲಿನ ಮೇಲೆ ಮಲಗಿಸಿದರು. ಬಾಲ ಗೆರೆ ದಾಟಿ ನಾಲ್ಕು ಬೆರಳು ಆಚೆ ಬಂತು. ಎಲ್ಲರೂ ಕೈಮುಗಿದರು. ಪಕ್ಕದ ಮನೆಯವನು ಅಳುತ್ತಿದ್ದ, ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಯಾರ ಬಲೆಗೆ ಸಿಕ್ಕಿತೋ ಆ ಮನೆಯ ಹೆಂಗಸೇ ಕುಯ್ಯಬೇಕು. ಬೂದಿ ಹಚ್ಚಿದೆ, ತಿಕ್ಕಿದೆ, ಸೀಳಿದೆ. ಹಳದಿ ಮೊಟ್ಟೆ ಎರಡು ಬೊಗಸೆ ತುಂಬಿ ಹರಿಯಿತು. ಅದರಲ್ಲೊಂದು ಬೊಗಸೆಯನ್ನು ಸೆರಗಿನ ಮರೆಯಲ್ಲಿ ಕೆರೆಯ ಅಂಚಿಗೆ ಒಯ್ದು ನೀರಿಗೆ ಬಿಟ್ಟೆ. ಗಂಡಿನ ಸೋಂಕಿಲ್ಲದ ಮೊಟ್ಟೆ ಮರಿಯಾಗುವುದಿಲ್ಲವೆಂದು ಗೊತ್ತಿತ್ತು. ಆದರೂ ಬಿಟ್ಟೆ. ಅಂಗೈಯಗಲದ ಗೆಂಡೆಗಳು ಎಲ್ಲಿದ್ದವೋ, ಹಿಂಡು ಹಿಂಡಾಗಿ ಬಂದು ನನ್ನ ಕಾಲ ಬಳಿಯೇ ಅದನ್ನು ಮುಕ್ಕಿಬಿಟ್ಟವು. ಉಳಿದ ಬೊಗಸೆಯನ್ನು ಅಜ್ಜಿ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಹುರಿದಳು. ಏಳು ಮನೆಗೂ ಒಂದೊಂದು ಎಲೆಯಲ್ಲಿ ಹೋಯಿತು. ನಾನೂ ತಿಂದೆ. ಬಹಳ ರುಚಿಯಾಗಿತ್ತು.

ಮಾರನೆಯ ದಿನ ಮೊದಲ ಬಸ್ಸಿಗೇ ಮಂಕರಿ ಹೊತ್ತುಕೊಂಡು ಗುಂಡ್ಲುಪೇಟೆಗೆ ಹೋದೆವು. ಕೇರಳದ ಲಾರಿ ನಮಗಿಂತ ಮುಂಚೆ ಬಂದು ನಿಂತಿತ್ತು, ತೊಟ್ಟಿಕ್ಕುವ ಐಸಿನ ಸುತ್ತ ಜನ. ನಾವು ಮಾಮೂಲಿ ಮೀನು ಕೊಡುತ್ತಿದ್ದ ಹೋಟೆಲಿನವನು ಬಂದು ನನ್ನ ಮಂಕರಿಯ ಎಲೆ ಸರಿಸಿದ. ಒಂದನ್ನು ಬಾಲ ಹಿಡಿದು ಎತ್ತಿ ಆಡಿಸಿದ.

"ಇದೇನಮ್ಮ, ಮರಿಗಳ್ನೆಲ್ಲ ಬಾಚ್ಕೊಂಡು ಬಂದ್ಬುಟ್ಟಿದ್ದೀರಾ? ಬೆಳ್ಯಕ್ಕೆ ಬುಡಬಾರ್ದಾ?"

"ಮರಿ ಅಲ್ಲ ಕಣಣ್ಣ," ಎಂದೆ. "ಇವು ಇಷ್ಟೇ."

ಅವನು ಮೀನನ್ನು ಮಂಕರಿಗೆ ಹಾಕಿ, ಕೈಯನ್ನು ಪಂಚೆಗೆ ಒರೆಸಿಕೊಂಡು ಲಾರಿಯ ಕಡೆ ನಡೆದ. ನಾವು ಬಿಸಿಲು ನೆತ್ತಿಗೆ ಬರುವವರೆಗೂ ಮೀನಿನ ಮೇಲೆ ನೀರು ಚಿಮುಕಿಸುತ್ತಾ ಕೂತಿದ್ದೆವು.