ಮುಖ ತೋರಿಸದ ದೇವರೂ ವಿದ್ಯಾವತಿಯ ಲೈಸೆನ್ಸೂ

ಹುಬ್ಬಳ್ಳಿಯ ದುರ್ಗದಬೈಲಿನ ಗದ್ದಲದಲ್ಲಿ ಸ್ಕೂಟರ್ ಓಡಿಸಿದ್ದ ವಿದ್ಯಾವತಿ, ಅಮೆರಿಕದ ಫ್ರಿಸ್ಕೋದ ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾದರು. ಪ್ರತಿ ಸಲವೂ ಅದೇ ತಪ್ಪು: ಎರಡು ಕಂಬಗಳ ನಡುವೆ ಕಾರನ್ನು ಹಿಂದಕ್ಕೆ ಸರಿಸಿ ನಿಲ್ಲಿಸುವಾಗ ಕಂಬಕ್ಕೆ ತಾಗಿಸಿದ್ದು. ಹಾಲು ತರಲಿಕ್ಕೂ ಗಂಡ ಶ್ರೀಶೈಲ್ ಆಫೀಸಿನಿಂದ ಬರುವ ತನಕ ಕಾಯಬೇಕು. ಬೇಸತ್ತು, ಲೈಸೆನ್ಸಿಗಾಗಿ ಹದಿನಾರು ಸೋಮವಾರದ ವ್ರತ ಹಿಡಿದರು. ಸೋಮವಾರ ಗುಡಿಗೆ ಹೋಗಿ ದೇವರ ಮುಖ ನೋಡುವ ತನಕ ಊಟವಿಲ್ಲ. ಒಂದು ವಾರ ತಪ್ಪಿದರೂ ಮೊದಲಿನಿಂದ ಶುರು.

ಕೊನೆಯ ಸೋಮವಾರ, ೨೦೦೪ರ ನವೆಂಬರಿನಲ್ಲಿ, ಅವರಿದ್ದದ್ದು ಜಪಾನಿನ ಒಂದು ಸಣ್ಣ ಊರಿನಲ್ಲಿ. ಕಂಪನಿ ಕೆಲಸಕ್ಕೆ ಹೊರಟ ಶ್ರೀಶೈಲ್ ಹೆಂಡತಿಯನ್ನೂ ಕರೆದೊಯ್ದಿದ್ದರು.

"ಫ್ರಿಸ್ಕೋದಾಗ ಇನ್ನೂ ರವಿವಾರ ಐತಿ. ಊಟಾ ಮಾಡು," ಎಂದರು ಶ್ರೀಶೈಲ್.

"ದೇವ್ರಿಗೆ ವಿಮಾನದ ಟಿಕೀಟ್ ತೋರಸ್ಲೇನ್ರಿ?"

ಊರಿನಲ್ಲಿದ್ದದ್ದು ಜಪಾನೀಯರ ಶಿಂಟೋ ಧರ್ಮದ, ಶತಮಾನಗಳಷ್ಟು ಹಳೆಯ ಗುಡಿ; ಇಬ್ಬರೂ ಅಲ್ಲಿಗೇ ಹೋದರು. ಹೊರಗಿನ ತೊಟ್ಟಿಯ ಮೇಲೆ ಬಿದಿರಿನ ಸೌಟಿತ್ತು. ವಿದ್ಯಾವತಿ ಆ ನೀರನ್ನು ತೀರ್ಥವೆಂದು ಕುಡಿದು, ತಲೆಗೆ ಸವರಿಕೊಂಡರು. ಪಕ್ಕದ ಅಜ್ಜಿ ಬಾಯಿ ಮುಕ್ಕಳಿಸಿ ಉಗುಳಿದ್ದು ಆಮೇಲೆ ಕಂಡಿತು. ಬೂಟು ಕಳಚಿ ತಣ್ಣನೆಯ ಜಲ್ಲಿಯ ಮೇಲೆ ನಡೆದವರೂ ಅವರೊಬ್ಬರೇ.

ಗರ್ಭಗುಡಿ ಮುಚ್ಚಿತ್ತು.

"ಯಾವಾಗ ತಗೀತಾರಂತ್ರಿ?"

ಶ್ರೀಶೈಲ್ ಅಲ್ಲಿದ್ದ ಇಂಗ್ಲಿಷ್ ಬೋರ್ಡು ಓದಿದರು. "ತಗ್ಯಂಗಿಲ್ಲಂತ. ಇವ್ರ ದೇವ್ರು ಮುಖಾ ತೋರಸಂಗಿಲ್ಲ."

"ಮತ್ತ ನಾ ಏನ್ ನೋಡಾಕ ಬಂದೀನ್ರಿ, ಬಾಗಲಾ?"

ಸಿಟ್ಟು, ಹಸಿವು ಎರಡೂ ಸೇರಿ ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಅಷ್ಟರಲ್ಲಿ ಅಂಗಳಕ್ಕೆ ಹೊಸ ಕಾರೊಂದು ಬಂತು. ಅರ್ಚಕರು ಅದರ ಬಾಗಿಲುಗಳನ್ನೆಲ್ಲ ತೆರೆಸಿ, ಬಿಳಿ ಕಾಗದದ ಪಟ್ಟಿ ಕಟ್ಟಿದ ಕೋಲನ್ನು ಸುತ್ತಲೂ ಬೀಸಿದರು.

"ಗಾಡಿ ಪೂಜಾ!" ವಿದ್ಯಾವತಿ ಎದ್ದು ನಿಂತರು. "ಗಾಲಿಗೆ ನಿಂಬಿಹಣ್ಣ ಇಡೋದು ಮರತಾರ ನೋಡ್ರಿ."

ಪರ್ಸಿನಿಂದ ತಮ್ಮ ಲರ್ನರ್ ಪರ್ಮಿಟ್ ತೆಗೆದು ಎರಡೂ ಕೈಯಲ್ಲಿ ಹಿಡಿದು ಅರ್ಚಕರ ಮುಂದೆ ನಿಂತರು. ಅರ್ಚಕರು ಶ್ರೀಶೈಲ್ ಮುಖ ನೋಡಿದರು. ಶ್ರೀಶೈಲ್ ನೆಲ ನೋಡಿದರು. ಕೊನೆಗೆ ಕೋಲು ಪರ್ಮಿಟ್ಟಿನ ಮೇಲೂ ಆಡಿತು.

"ನಡೀರಿ, ಊಟಾ ಮಾಡೂಣು," ಎಂದರು ವಿದ್ಯಾವತಿ.

"ದರ್ಶನಾ ಆಗಿಲ್ಲಲ್ಲ?"

"ಗಾಡಿ ಗೊತ್ತಿದ್ದ ದೇವ್ರು. ಸಾಕು."

ಫ್ರಿಸ್ಕೋಗೆ ಮರಳಿದ ವಾರವೇ ಮತ್ತೆ ಟೆಸ್ಟ್ ಇತ್ತು. ಕಾರು ಹಿಂದಿನ ಕಂಬಕ್ಕೆ ತಾಗಿತು.

ವಾಪಸು ಬರುವಾಗ ಕಾರು ಓಡಿಸಿದ್ದು ಶ್ರೀಶೈಲ್. ಪಕ್ಕದಲ್ಲಿ ಕುಳಿತ ವಿದ್ಯಾವತಿ ಹೇಳಿದರು:

"ಮುಖಾನ ತೋರಸದಾಂವ ಕಂಬಾ ಹೆಂಗ ತೋರಸ್ತಾನ್ರಿ? ಸೋಮವಾರ ತಡಾ ಆಗ್ತದಂತ ಆಫೀಸ್ನ್ಯಾಗ ಹೇಳಿಬಿಡ್ರಿ. ಗುಡಿಗೆ ಹೋಗೂದೈತಿ. ಮತ್ತ ಒಂದರಿಂದ ಶುರು."