ಹಮೀದಾಳ ತರಗತಿ

ಮೊಮ್ಮಗಳ ಹುಟ್ಟುಹಬ್ಬಕ್ಕೆ ಬಲೂನು ಊದುತ್ತ ಕುಳಿತಿದ್ದೆ. ಮಾಂಟ್ ಕಿಯಾರಾ ಎಂಬ ಪರದೇಶದ ಬಡಾವಣೆಯ ಈ ಫ್ಲ್ಯಾಟಿನಲ್ಲಿ ಕಿಟಕಿ ಮುಚ್ಚಿ ಏಸಿ ಹಾಕಿದರೆ ರಬ್ಬರಿನ ವಾಸನೆ ಆಚೆ ಹೋಗುವುದೇ ಇಲ್ಲ. ಆ ವಾಸನೆಗೆ ನನಗೆ ನೆನಪಾಗುವುದು ಹಬ್ಬವಲ್ಲ. ಉಸಿರು ನಿಂತ ರೋಗಿಯ ಮುಖಕ್ಕೆ ಮಾಸ್ಕ್ ಒತ್ತಿ ಕೈಯಿಂದ ಹಿಚುಕುವ ಗಾಳಿಚೀಲ. ಅದರ ಬೆನ್ನಿಗೇ ಹಮೀದಾ.

ಮೈಸೂರಿನಲ್ಲಿ ಐಸಿಯು ನರ್ಸುಗಳಿಗೆ ಪಾಠ ಹೇಳಿ ನಿವೃತ್ತಳಾದವಳು ನಾನು. ಮಗಳ ಮನೆಗೆಂದು ಇಲ್ಲಿಗೆ ಬಂದಾಗಲೇ ಕೊರೊನಾ ಬಂತು, ವಿಮಾನಗಳು ನಿಂತವು. ಆಗ ಹಳೆಯ ಸಹೋದ್ಯೋಗಿಯೊಬ್ಬರು ಒಂದು ಕೆಲಸ ಒಪ್ಪಿಸಿದರು. ಯುದ್ಧದಲ್ಲಿ ನಲುಗಿದ ದೇಶವೊಂದರ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆ ಕಲಿಸುವವರೇ ಇರಲಿಲ್ಲ. ಅಲ್ಲಿನ ಹಿರಿಯ ನರ್ಸ್ ಹಮೀದಾಳನ್ನು ವಿಡಿಯೊದಲ್ಲೇ ಶಿಕ್ಷಕಿಯಾಗಿ ತಯಾರು ಮಾಡಬೇಕು. ಮುಂದೆ ಉಳಿದವರಿಗೆ ಆಕೆಯೇ ಕಲಿಸಬೇಕು. ಅಂದರೆ, ನಾನು ಬೇಡವಾಗುವುದೇ ನನ್ನ ಕೆಲಸ.

ಇಸ್ತ್ರಿ ಮಾಡಿದ ಸೀರೆ ಉಟ್ಟು, ಊಟದ ಮೇಜು ಒರೆಸಿ ಪಾಠಕ್ಕೆ ಕೂರುತ್ತಿದ್ದೆ. ಮನೆಯಲ್ಲಿ ಮಿಕ್ಸಿ ನಿಷೇಧ. ಸೈಬರ್‌ಜಯಾದ ಆಫೀಸನ್ನು ಮಲಗುವ ಕೋಣೆಗೆ ತಂದುಕೊಂಡಿದ್ದ ಅಳಿಯ ಬಾಗಿಲಲ್ಲಿ ತಲೆ ಹಾಕಿ, "ಅತ್ತೆ, ಒಂದ್ಸಲ ಕೆಮ್ಮಬಹುದಾ?" ಎಂದು ಪರ್ಮಿಷನ್ ಕೇಳುತ್ತಿದ್ದ.

ಹಮೀದಾ ತನ್ನ ನರ್ಸುಗಳಿಗೆ ಅಭ್ಯಾಸದ ಬೊಂಬೆಯ ಮೇಲೆ ಗಾಳಿಚೀಲದ ಮೊದಲ ಪಾಠ ಮಾಡಿದ ದಿನ, ತಮ್ಮ ಭಾಷೆಯಲ್ಲಿ ಶುರು ಮಾಡಿದಳು. ನಾನು ತಡೆದೆ. "ಇಂಗ್ಲಿಷಿನಲ್ಲಿ ಹೇಳಿ. ಇಲ್ಲದಿದ್ದರೆ ನಿಮ್ಮ ತಪ್ಪು ನನಗೆ ಹೇಗೆ ಗೊತ್ತಾಗಬೇಕು?"

ಆಕೆ ತಡವರಿಸುತ್ತ ಇಂಗ್ಲಿಷಿಗೆ ಬಂದಳು. ನಾನು ವಾಕ್ಯಕ್ಕೊಮ್ಮೆ ನಿಲ್ಲಿಸಿದೆ. ಮಾಸ್ಕ್ ಹಿಡಿಯುವ ಬೆರಳು ಅಲ್ಲಲ್ಲ, ಇಲ್ಲಿ. ಕೊನೆಗೆ ಎದ್ದು ನಿಂತು, ಸೊಂಟಕ್ಕೆ ಕೈಯಿಟ್ಟು, "ನೀವು ಕೂತ್ಕೊಳ್ಳಿ, ನಾನೇ ತೋರಿಸುತ್ತೇನೆ" ಎಂದೆ. ಹಮೀದಾ ತನ್ನ ಶಿಷ್ಯೆಯರ ನಡುವೆ ಹೋಗಿ ಕುಳಿತಳು. ಪ್ರತಿ ತರಗತಿಯೂ ಹೀಗೇ. ಮಗಳು ಒಮ್ಮೆ, "ಅಮ್ಮಾ, ಅವ್ರು ಟ್ರೇನಿಂಗ್‌ಗೆ ಬಂದಿರೋದು, ಮಿಲಿಟರಿಗಲ್ಲ" ಎಂದಳು. ಐಸಿಯು ಅಂದರೆ ಏನೆಂದು ಇವಳಿಗೇನು ಗೊತ್ತು ಅಂದುಕೊಂಡೆ.

ಆಮೇಲೆ ಅಲ್ಲಿ ಗಲಭೆಯಾಗಿ ವಾರಗಟ್ಟಲೆ ನೆಟ್‌ವರ್ಕ್ ಇರಲಿಲ್ಲ. ಮತ್ತೆ ಮುಖ ಕಂಡಾಗ ನಾನು ಕೇಳಿದ ಮೊದಲ ಪ್ರಶ್ನೆ, ಎಷ್ಟು ಪಾಠ ಮುಗಿಯಿತು ಎಂದು.

"ಒಂದೂ ಇಲ್ಲ ಮೇಡಂ," ಎಂದಳು. "ನರ್ಸುಗಳನ್ನು ಕರೆದೆ. ಮೇಡಂ ಬರಲಿ, ನಿನಗೇ ಸರಿಯಾಗಿ ಬರುವುದಿಲ್ಲವಲ್ಲ ಎಂದರು."

ದನಿಯಲ್ಲಿ ದೂರಿರಲಿಲ್ಲ. ಆ ವಾರಗಳಲ್ಲಿ ಉಸಿರುಗಟ್ಟಿ ಬಂದವರ ತಲೆಯ ಬಳಿ ಚೀಲ ಹಿಡಿದು ಯಾರು ನಿಂತಿದ್ದರು, ಏನಾಯಿತು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಮೇಜಿನ ಮೇಲೆ ನೀಟಾಗಿಯೇ ಇದ್ದ ಪೆನ್ನುಗಳನ್ನು ಮತ್ತೆ ಜೋಡಿಸಿದೆ.

"ಮೇಡಂ, ಬೇಜಾರು ಮಾಡಿಕೊಳ್ಳಬೇಡಿ," ಎಂದಳು ಹಮೀದಾ. "ಸ್ವಲ್ಪ ದಿನ ನೀವು ತರಗತಿಗೆ ಬರಬೇಡಿ."

ಹೂಂ ಎಂದೆ. ಅಷ್ಟು ದಿನಗಳಲ್ಲಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ ಇರಬೇಕು, ಅದೂ ಆಕೆ ಹೇಳಿದ ಮೇಲೆ.

ಕಳೆದ ವಾರ ಆಕೆಯಿಂದ ಒಂದು ವಿಡಿಯೊ ಬಂತು. ಕೋಣೆ ತುಂಬ ನರ್ಸುಗಳು. ಹಮೀದಾ ಕಲಿಸುತ್ತಿದ್ದಾಳೆ, ತನ್ನದೇ ಭಾಷೆಯಲ್ಲಿ. ನನಗೆ ಒಂದು ಪದವೂ ಅರ್ಥವಾಗಲಿಲ್ಲ. ನಡುವೆ ಆಕೆ ಸೊಂಟಕ್ಕೆ ಕೈಯಿಟ್ಟು ಏನೋ ಅಂದಳು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ನಿಲುವು ನನ್ನದೇ. ಆಕೆಯ ಬೆರಳು ನಾನು ಹೇಳಿಕೊಟ್ಟ ಜಾಗದಲ್ಲಿರಲಿಲ್ಲ. ಚೀಲ ಹಿಚುಕಿದಾಗ ಬೊಂಬೆಯ ಎದೆ ಮಾತ್ರ ಗಾಳಿ ತುಂಬಿ ಚೆನ್ನಾಗಿ ಮೇಲೆದ್ದಿತು.

ಭುಜದ ಹಿಂದಿನಿಂದ ಇಣುಕಿದ ಅಳಿಯ, "ಎಷ್ಟು ಮಾರ್ಕ್ಸ್ ಅತ್ತೆ?" ಎಂದ.

"ನನ್ನನ್ನ ಯಾರೂ ಕೇಳಿಲ್ಲಪ್ಪ" ಎಂದೆ.