ಪರದೆಯನ್ನು ನಂಬಿ ಪುಟ್ಟಸ್ವಾಮಣ್ಣನನ್ನು ಬೈದೆ

ಎರಡು ವರ್ಷದ ಹಿಂದಿನ ಮಾತು. ಭಾರತೀನಗರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದೆ. ದಿನಾ ಮಂಡ್ಯದಿಂದ ಬಸ್ಸು. ಕೋಣೆಯಲ್ಲಿ ನನ್ನ ಜೊತೆ ಕೆಲಸಕ್ಕಿದ್ದವರು ಪುಟ್ಟಸ್ವಾಮಣ್ಣ. ಮೊದಲು ಮಳವಳ್ಳಿ ಬಸ್ ನಿಲ್ದಾಣದಲ್ಲಿ ಬಸ್ಸು ಬಂದು ಹೋಗುವ ಹೊತ್ತು ಬರೆಯುತ್ತಿದ್ದವರು, ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತರು. ಏನು ಮಾಡಿದರೂ ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುವರು. ನನಗೆ ನಗು.

ಅವತ್ತು ಸಂಜೆಯೊಳಗೆ ಮಕ್ಕಳ ಇಂಟರ್ನಲ್ ಅಂಕ ಕಳಿಸಬೇಕಿತ್ತು. ಅವು ಇದ್ದದ್ದು ವರ್ಚುವಲ್ ಮಷೀನಿನಲ್ಲಿ. ಅಂದರೆ ದೊಡ್ಡ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದಲೇ ನಡೆಯುವ ಇನ್ನೊಂದು ಕಂಪ್ಯೂಟರು. ಡಿಸ್ಕ್ ತುಂಬಿ ಅದು ಬೆಳಿಗ್ಗೆಯೇ ನಿಂತುಬಿಟ್ಟಿತ್ತು. ನಾನಿನ್ನೂ ಬಸ್ಸಿನಲ್ಲಿದ್ದೆ. ಯಾವ ಫೈಲು ಅಳಿಸಬೇಕೆಂದು ಫೋನಿನಲ್ಲಿ ಹೇಳಿ, “ಆಮೇಲೆ ರೆಸ್ಯೂಮ್ ಒತ್ತಿ” ಅಂದೆ. ನಿಂತ ಮಷೀನನ್ನು ಮತ್ತೆ ಓಡಿಸುವ ಗುಂಡಿ ಅದು.

ಬಂದು ನೋಡಿದರೆ, ಮಷೀನಿನ ಸ್ಥಿತಿ ತೋರಿಸುವ ಪರದೆಯ ಮೇಲೆ ‘ಚಾಲೂ ಇದೆ’ ಎಂದಿದೆ, ಅಂಕದ ಪುಟ ಮಾತ್ರ ಜಪ್ಪಯ್ಯ ಅಂದರೂ ತೆರೆಯುತ್ತಿಲ್ಲ.

“ಒತ್ತಿದೆ ಕಣವ್ವ. ಎದ್ದಂಗಾಯ್ತು, ಡಿಸ್ಕ್ ಎರರ್ ಅಂತ ತಿರ್ಗಾ ನಿಂತೋಯ್ತು” ಎಂದರು ಪುಟ್ಟಸ್ವಾಮಣ್ಣ.

ಪರದೆಯ ದಾಖಲೆಯಲ್ಲಿ ಅದು ಉಲ್ಟಾ ಇತ್ತು: ಮೊದಲು ನಿಂತದ್ದು, ಆಮೇಲೆ ಎದ್ದದ್ದು. ನನಗೆ ರೇಗಿತು. “ಪರದೆ ಸುಳ್ಳು ಹೇಳುತ್ತಾ? ಓಡ್ತಿದ್ದ ಮಷೀನನ್ನ ನೀವೇ ಏನೋ ಒತ್ತಿ ಕೆಡಿಸಿದ್ದೀರಿ!” ಎಂದು, ಅಂಕಕ್ಕಾಗಿ ಬಂದು ನಿಂತಿದ್ದ ಮೇಷ್ಟ್ರುಗಳ ಎದುರೇ ಅಂದುಬಿಟ್ಟೆ. ಅಲ್ಲೇ ಇದ್ದ ಪ್ರಿನ್ಸಿಪಾಲರು “ನಾಳೆಯಿಂದ ಇವರನ್ನ ಗೇಟು ಕಾಯೋಕೆ ಹಾಕಿ” ಎಂದರು. ನಾನು ಹೂಂ ಎಂದೆ. ಪಾಪಿ ನಾನು.

ಎಲ್ಲರೂ ತಮ್ಮ ತಮ್ಮ ಕ್ಲಾಸಿಗೆ ಹೋದ ಮೇಲೆ ಪುಟ್ಟಸ್ವಾಮಣ್ಣ ನೋಟ್‌ಬುಕ್ಕು ಮುಂದಿಟ್ಟರು. ‘ಒತ್ತಿದೆ. ಎದ್ದಿತು. ಕೂಡಲೇ ನಿಂತಿತು.’ ಪಕ್ಕದಲ್ಲೇ ಗಡಿಯಾರದ ಹೊತ್ತು.

“ಕಣ್ಣಲ್ಲಿ ಕಂಡುದ್ನೇ ಬರ್ದಿವ್ನಿ. ಬಸ್‌ಸ್ಟ್ಯಾಂಡಲ್ಲೂ ಇಂಗೇ ಆಗೋದು ಕಣವ್ವ. ಬಸ್ಸು ಬಂದು ಒಂಟೋಗಿರೋದು, ಮೈಕ್‌ನೋನು ಆಮ್ಯಾಕೆ ‘ಬಸ್ಸು ಬಂತು’ ಅಂತ ಕೂಗೋನು. ಜನ ಗಂಟುಮೂಟೆ ಎತ್ಕಂಡು ಓಡೋರು. ಬಸ್ಸೆಲ್ಲಿ?”

ನಾನು ಪರದೆ ಬಿಟ್ಟು, ಮಷೀನನ್ನೇ ನೇರವಾಗಿ ಕೇಳುವ ಕಮಾಂಡ್ ಹೊಡೆದೆ. ನಿಂತಿದೆ ಎಂದು ಉತ್ತರ ಬಂತು! ಮತ್ತೆ ರೆಸ್ಯೂಮ್ ಒತ್ತಿ ಇಬ್ಬರೂ ಕಣ್ಣು ಮಿಟುಕಿಸದೆ ನೋಡಿದೆವು. ಮಷೀನು ಎದ್ದ ಕ್ಷಣವೇ ಡಿಸ್ಕ್ ಎರರ್ ಬಂದು ನಿಂತಿತು. ‘ನಿಂತೆ’ ಎಂಬ ಸುದ್ದಿ ಪರದೆಗೆ ಮೊದಲು ಮುಟ್ಟಿತು, ‘ಎದ್ದೆ’ ಎಂಬುದು ತಡವಾಗಿ ಬಂತು. ಕೊನೆಗೆ ಬಂದ ಸುದ್ದಿಯನ್ನೇ ಪರದೆ ನಿಜವೆಂದು ಹಿಡಿದುಕೊಂಡಿತ್ತು. ನಾನು ಅಳಿಸಲು ಹೇಳಿದ ಫೈಲುಗಳಿಂದ ಸಿಕ್ಕ ಜಾಗ ಸಾಲದೇ ಹೋಗಿತ್ತು, ತಪ್ಪು ನನ್ನದೇ.

ಇನ್ನಷ್ಟು ಜಾಗ ಮಾಡಿ ಒತ್ತಿದೆವು. ಈ ಸಲ ಅಂಕದ ಪುಟ ತೆರೆಯಿತು. ನಾಲ್ಕು ಗಂಟೆಗೆ ಕಳಿಸಿದೆವು.

ಹೊರಡುವಾಗ ಅವರು ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರು. “ನಾಳೀಕೆ ಗೇಟ್ ತಾವ್ಕೆ ಓಗ್ಬೇಕೇನವ್ವ, ಇಲ್ಲಿಗೇ ಬರ್ಲಾ?” ಮುನಿಸಿಲ್ಲದೆ, ಸುಮ್ಮನೆ ಕೇಳಿದರು. ನನಗೆ ಅಳು ಬಂತು. ಅವರ ಕೈ ಹಿಡಿದು ಸ್ಟಾಫ್ ರೂಮಿಗೆ ಕರೆದೊಯ್ದು, ಬೈದಾಗ ಇದ್ದ ಅಷ್ಟೂ ಜನರ ಎದುರು “ಇವರು ಹೇಳಿದ್ದೇ ನಿಜ, ನಾನೇ ತಪ್ಪು” ಎಂದೆ. ಪ್ರಿನ್ಸಿಪಾಲರಿಗೂ ಹೇಳಿ ಗೇಟಿನ ಮಾತು ಬಿಡಿಸಿದೆ.

“ಬುಡವ್ವ, ಅದ್ಕೆಲ್ಲ ಅಳ್ತಾರಾ?” ಎಂದು ನನ್ನನ್ನೇ ಸಮಾಧಾನ ಮಾಡಿದರು ಮಹಾರಾಯರು. ಆದರೆ ನಾನು ಅಂದ ಮಾತು ಅವರಿಗೆ ಮೊದಲೇ ಮುಟ್ಟಿ ಆಗಿತ್ತು. ನಾನು ಕೇಳಿದ ಕ್ಷಮೆ ಎಷ್ಟೋ ಹೊತ್ತು ತಡವಾಗಿ ಅದರ ಹಿಂದೆ ಹೋಯಿತು.